ಕೆಲಸ ಯಾರದ್ದು, ದುಡ್ಡು ಯಾರದ್ದು? ಒಂದು ಸಂಬಳದ ಚೀಟಿಯಿಂದ ಶುರು ಮಾಡೋಣ

ಫೆಬ್ರವರಿ ತಿಂಗಳ ಸಂಬಳದ ಚೀಟಿ ಕೈಗೆ ಬಂದ ದಿನ, ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಹುಡುಗ ಕುರ್ಚಿ ಎಳೆದುಕೊಂಡು ಬಂದ. "ಸಾರ್, ಪ್ರತಿ ತಿಂಗಳು ಪಿ.ಟಿ. ಅಂತ 200 ರೂಪಾಯಿ ಹಿಡೀತಿದ್ರು. ಈ ಸಲ 300 ಹಿಡಿದಿದ್ದಾರೆ. ಅಕೌಂಟ್ಸ್‌ನವರು ತಪ್ಪು ಮಾಡಿದ್ದಾರಾ?"

ತಪ್ಪೇನೂ ಆಗಿರಲಿಲ್ಲ. ಪಿ.ಟಿ. ಅಂದರೆ ವೃತ್ತಿ ತೆರಿಗೆ, ಅದು ರಾಜ್ಯ ಸರ್ಕಾರದ್ದು. ಒಬ್ಬ ಮನುಷ್ಯನಿಂದ ವರ್ಷಕ್ಕೆ 2,500 ರೂಪಾಯಿಗಿಂತ ಜಾಸ್ತಿ ವೃತ್ತಿ ತೆರಿಗೆ ವಸೂಲಿ ಮಾಡುವ ಹಾಗಿಲ್ಲ ಅಂತ ಸಂವಿಧಾನದ 276ನೇ ವಿಧಿಯೇ ಹೇಳುತ್ತದೆ. ತಿಂಗಳಿಗೆ 200ರಂತೆ ಹನ್ನೆರಡು ತಿಂಗಳಿಗೆ 2,400 ಆಗುತ್ತಿತ್ತು. ಇನ್ನೊಂದು 100 ರೂಪಾಯಿಗೆ ಜಾಗ ಇತ್ತು. 2025ರಲ್ಲಿ ಕರ್ನಾಟಕ ಸರ್ಕಾರ ಕಾನೂನಿಗೆ ತಿದ್ದುಪಡಿ ತಂದು, ಫೆಬ್ರವರಿ ಒಂದು ತಿಂಗಳು ಮಾತ್ರ 300 ಅಂತ ಮಾಡಿತು. ಲೆಕ್ಕ ಸರಿಯಾಗಿ 2,500ಕ್ಕೆ ಬಂದು ನಿಂತಿತು.

ಈ 2,500ರ ಮಿತಿ ಹಾಕಿದ್ದು 1988ರಲ್ಲಿ. ಅದಕ್ಕೆ ಮುಂಚೆ 250 ರೂಪಾಯಿ ಇತ್ತು. ಅಲ್ಲಿಂದೀಚೆಗೆ ಸಂಬಳ, ಬಾಡಿಗೆ, ಅಕ್ಕಿ ಬೇಳೆ ಎಲ್ಲದರ ಬೆಲೆಯೂ ಎಲ್ಲಿಗೋ ಹೋಯಿತು, ಈ ಮಿತಿ ಮಾತ್ರ ಇದ್ದಲ್ಲೇ ಇದೆ. ಅದನ್ನು ಒಂದು ರೂಪಾಯಿ ಏರಿಸಬೇಕಾದರೂ ಸಂಸತ್ತು ಸಂವಿಧಾನಕ್ಕೆ ತಿದ್ದುಪಡಿ ತರಬೇಕು, ವಿಧಾನಸಭೆಯ ಕೈಯಲ್ಲಿ ಆಗುವ ಕೆಲಸ ಅಲ್ಲ. ಅದೇ ಚೀಟಿಯಲ್ಲಿ ಇನ್ನೊಂದು ಸಾಲು ಇರುತ್ತದಲ್ಲ, ಟಿಡಿಎಸ್ ಅಂತ, ಅದು ಆದಾಯ ತೆರಿಗೆ. ಅದು ಕೇಂದ್ರದ್ದು. ನಿಮ್ಮ ಸಂಬಳ ಏರಿದ ಹಾಗೆ ಅದೂ ಏರುತ್ತದೆ, ಅದಕ್ಕೆ ಇಂಥ ಮಿತಿ ಇಲ್ಲ.

ಒಂದೇ ಚೀಟಿ, ಎರಡು ಸರ್ಕಾರ. ಕೇಂದ್ರ ಮತ್ತು ರಾಜ್ಯದ ನಡುವೆ ಇವತ್ತು ನಡೆಯುತ್ತಿರುವ ಜಗಳದ ಬೇರು ಈ ಎರಡು ಸಾಲಿನಲ್ಲೇ ಇದೆ. ಬೆಳೆಯುವ ತೆರಿಗೆಗಳು ಬಹುಪಾಲು ಕೇಂದ್ರದ ಹತ್ತಿರ ಇವೆ. ಜನರ ದಿನನಿತ್ಯದ ಕೆಲಸಗಳು ಬಹುಪಾಲು ರಾಜ್ಯದ ಹತ್ತಿರ ಇವೆ. ಹಾಗಾಗಿ ದುಡ್ಡು ದೆಹಲಿಗೆ ಹೋಗಿ ಅಲ್ಲಿಂದ ವಾಪಸ್ ಬರಬೇಕು. ಯಾವ ದಾರಿಯಲ್ಲಿ, ಎಷ್ಟು, ಯಾವ ಷರತ್ತಿನ ಮೇಲೆ ವಾಪಸ್ ಬರುತ್ತದೆ ಅನ್ನೋದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಮೊದಲು ಕೆಲಸದ ಹಂಚಿಕೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ. ಸಂವಿಧಾನ ಜಾರಿಗೆ ಬಂದಾಗ ಕೇಂದ್ರದ ಪಟ್ಟಿಯಲ್ಲಿ 97, ರಾಜ್ಯದ ಪಟ್ಟಿಯಲ್ಲಿ 66, ಸಮವರ್ತಿಯಲ್ಲಿ 47 ವಿಷಯಗಳಿದ್ದವು. ಈ ಮೂರು ಪಟ್ಟಿಯ ಐಡಿಯಾ ಹೊಸದಲ್ಲ, ಬ್ರಿಟಿಷರ ಕಾಲದ 1935ರ ಕಾಯ್ದೆಯಲ್ಲೇ ಇತ್ತು. ಸೈನ್ಯ, ವಿದೇಶ ವ್ಯವಹಾರ, ರೈಲು, ನೋಟು, ಬ್ಯಾಂಕು, ಅಂಚೆ, ದೂರಸಂಪರ್ಕ ಇವೆಲ್ಲ ಕೇಂದ್ರಕ್ಕೆ. ಪೊಲೀಸು, ಆಸ್ಪತ್ರೆ, ಕೃಷಿ, ಜಮೀನು, ಪಂಚಾಯಿತಿ, ಮದ್ಯ ಇವೆಲ್ಲ ರಾಜ್ಯಕ್ಕೆ. ಯಾವ ಪಟ್ಟಿಯಲ್ಲೂ ಇಲ್ಲದ ವಿಷಯ ಬಂದರೆ ಅದು ಕೇಂದ್ರದ್ದು ಅಂತ 248ನೇ ವಿಧಿ ಹೇಳುತ್ತದೆ.

ಒಂದು ವಾರ ನಿಮ್ಮ ಮನೆಯವರು ಯಾವ ಯಾವ ಸರ್ಕಾರಿ ಕಟ್ಟಡದ ಮೆಟ್ಟಿಲು ಹತ್ತಿದರು ಅಂತ ಲೆಕ್ಕ ಹಾಕಿ ನೋಡಿ. ಪ್ರಾಥಮಿಕ ಆರೋಗ್ಯ ಕೇಂದ್ರ, ಪಹಣಿಗೆ ನಾಡಕಚೇರಿ, ಸಬ್ ರಿಜಿಸ್ಟ್ರಾರ್ ಕಚೇರಿ, ಪೊಲೀಸ್ ಠಾಣೆ, ಎಸ್ಕಾಂ ಆಫೀಸು, ಸರ್ಕಾರಿ ಶಾಲೆ. ಎಲ್ಲವೂ ರಾಜ್ಯದ್ದೇ. ಪಾಸ್‌ಪೋರ್ಟ್ ಮಾಡಿಸುವಾಗ ಒಂದು ಸಲ ಕೇಂದ್ರದ ಕಚೇರಿ ಬಾಗಿಲು ನೋಡಿರುತ್ತೇವೆ. ಅದಕ್ಕೂ ಮನೆಗೆ ಬಂದು ವಿಚಾರಿಸಿ ಹೋಗುವವರು ರಾಜ್ಯದ ಪೊಲೀಸರು.

ಸಮವರ್ತಿ ಪಟ್ಟಿ ಸ್ವಲ್ಪ ತೊಡಕಿನದು. ಅದರಲ್ಲಿರುವ ವಿಷಯಗಳ ಮೇಲೆ ಇಬ್ಬರೂ ಕಾನೂನು ಮಾಡಬಹುದು. ಇಬ್ಬರ ಕಾನೂನೂ ಒಂದಕ್ಕೊಂದು ಎದುರು ಬಂದರೆ ಕೇಂದ್ರದ ಮಾತು ನಡೆಯುತ್ತದೆ. ಆದರೆ 254ನೇ ವಿಧಿಯಲ್ಲಿ ಒಂದು ಕಿಂಡಿ ಇಟ್ಟಿದ್ದಾರೆ. ರಾಜ್ಯ ತನ್ನ ಕಾನೂನನ್ನು ರಾಷ್ಟ್ರಪತಿಗೆ ಕಳಿಸಿ ಅಂಕಿತ ಪಡೆದರೆ, ಆ ರಾಜ್ಯದ ಮಟ್ಟಿಗೆ ರಾಜ್ಯದ ಕಾನೂನೇ ನಿಲ್ಲುತ್ತದೆ.

ಇದು ಹೇಗೆ ಕೆಲಸ ಮಾಡುತ್ತದೆ ಅನ್ನೋದಕ್ಕೆ ಕಂಬಳಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಪ್ರಾಣಿ ಹಿಂಸೆ ತಡೆ ಅನ್ನೋದು ಸಮವರ್ತಿ ಪಟ್ಟಿಯ ವಿಷಯ. ಅದರ ಮೇಲೆ 1960ರಿಂದಲೂ ಕೇಂದ್ರದ ಕಾಯ್ದೆ ಇದೆ. 2014ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯ ಆಧಾರದ ಮೇಲೆ ಜಲ್ಲಿಕಟ್ಟು ನಿಲ್ಲಿಸಿತು, ಅದರ ಬಿಸಿ 2016ರಲ್ಲಿ ನಮ್ಮ ಕರಾವಳಿಗೂ ತಟ್ಟಿ ಕಂಬಳ ನಿಂತುಹೋಯಿತು. ಆಗ ಕರ್ನಾಟಕ ಏನು ಮಾಡಿತು ಅಂದರೆ, ಕೇಂದ್ರದ ಕಾಯ್ದೆಗೇ ತನ್ನ ರಾಜ್ಯದ ಮಟ್ಟಿಗೆ ಒಂದು ತಿದ್ದುಪಡಿ ತಂದಿತು, ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ವಿನಾಯಿತಿ ಕೊಟ್ಟಿತು, ರಾಷ್ಟ್ರಪತಿಗಳ ಅಂಕಿತವನ್ನೂ ಹಾಕಿಸಿಕೊಂಡಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಇವತ್ತು ಕೆಸರುಗದ್ದೆಯಲ್ಲಿ ಕೋಣಗಳು ಓಡುತ್ತಿರೋದು ಆ ಕಿಂಡಿಯಿಂದಾಗಿ. ಅಂಕಿತ ಸಿಗುವುದು ಮಾತ್ರ ಕೇಂದ್ರ ಸಂಪುಟದ ಸಲಹೆಯ ಮೇಲೆ ಅನ್ನೋದು ನೆನಪಿರಲಿ. ದೆಹಲಿಗೆ ಬೇಡ ಅನ್ನಿಸಿದರೆ ಕಿಂಡಿ ತೆರೆಯೋದಿಲ್ಲ.

ಶಿಕ್ಷಣ ಮೊದಲು ಬಹುಮಟ್ಟಿಗೆ ರಾಜ್ಯದ ಪಟ್ಟಿಯಲ್ಲಿತ್ತು. ತುರ್ತು ಪರಿಸ್ಥಿತಿಯ ನಡುವೆ, 1976ರಲ್ಲಿ, 42ನೇ ತಿದ್ದುಪಡಿ ಬಂದಾಗ ಶಿಕ್ಷಣ, ಅರಣ್ಯ, ವನ್ಯಜೀವಿ, ತೂಕ ಮತ್ತು ಅಳತೆ, ಕೆಳಗಿನ ಕೋರ್ಟುಗಳ ವ್ಯವಸ್ಥೆ ಹೀಗೆ ಐದು ವಿಷಯಗಳು ಸಮವರ್ತಿ ಪಟ್ಟಿಗೆ ಹೋದವು. ತುರ್ತು ಪರಿಸ್ಥಿತಿ ಮುಗಿಯಿತು, ಆ ತಿದ್ದುಪಡಿಯ ಎಷ್ಟೋ ಭಾಗಗಳನ್ನು ಆಮೇಲೆ ತೆಗೆದುಹಾಕಿದರು, ಈ ಐದು ಮಾತ್ರ ವಾಪಸ್ ಬರಲಿಲ್ಲ. ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಯಲ್ಲಿ ನೀಟ್ ಬಗ್ಗೆ ನಡೆಯುವ ಮಾತಿಗೂ ಇದಕ್ಕೂ ನೇರ ಸಂಬಂಧ ಇದೆ. 2024ರ ಜುಲೈನಲ್ಲಿ ಕರ್ನಾಟಕದ ವಿಧಾನಮಂಡಲ ನೀಟ್ ಬೇಡ ಅಂತ ನಿರ್ಣಯ ಮಾಡಿತು. ನಿರ್ಣಯ ಮಾಡಿದ ಮಾತ್ರಕ್ಕೆ ನೀಟ್ ಹೋಗೋದಿಲ್ಲ, ಯಾಕಂದರೆ ಕೇಂದ್ರದ ಕಾನೂನಿನ ಎದುರು ಅದು ನಿಲ್ಲೋದಿಲ್ಲ.

ಇನ್ನು ನೀರು. ಪಟ್ಟಿ ತೆಗೆದು ನೋಡಿದರೆ ನೀರು, ನೀರಾವರಿ, ಕಾಲುವೆ ಎಲ್ಲ ರಾಜ್ಯದ ವಿಷಯ. ಆದರೆ ಅದೇ ಸಾಲಿನಲ್ಲಿ, ಇದು ಕೇಂದ್ರ ಪಟ್ಟಿಯ 56ನೇ ನಮೂದಿಗೆ ಒಳಪಟ್ಟದ್ದು ಅಂತಲೂ ಬರೆದಿದೆ. ಆ 56ನೇ ನಮೂದು ಅಂದರೆ ಅಂತರರಾಜ್ಯ ನದಿಗಳು. ಕಾವೇರಿ, ಕೃಷ್ಣೆ, ಮಹದಾಯಿ ಎಲ್ಲವೂ ಗಡಿ ದಾಟುವ ನದಿಗಳೇ ಅಲ್ವಾ? ಹಾಗಾಗಿ ಕೆಆರ್‌ಎಸ್ ಕಟ್ಟಿದ್ದು ನಾವು, ಗೇಟು ಎತ್ತುವವರು ನಮ್ಮ ಎಂಜಿನಿಯರ್‌ಗಳು, ಎಷ್ಟು ಬಿಡಬೇಕು ಅನ್ನೋದು ಮಾತ್ರ ನ್ಯಾಯಮಂಡಳಿ, ಸುಪ್ರೀಂ ಕೋರ್ಟ್ ಮತ್ತು ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ಕೈಯಲ್ಲಿ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಕಾವೇರಿ ತೀರ್ಪಿನಲ್ಲಿ ನಮಗೆ 14.75 ಟಿಎಂಸಿ ಹೆಚ್ಚಿಗೆ ಸಿಕ್ಕಿ ಒಟ್ಟು 284.75 ಟಿಎಂಸಿ ಆಯಿತು.

ಈಗ ದುಡ್ಡಿಗೆ ಬರೋಣ.

ತೆರಿಗೆಯ ವಿಚಾರದಲ್ಲಿ ಸಂವಿಧಾನ ಬರೆದವರು ಒಂದು ಜಾಣತನ ಮಾಡಿದ್ದರು. ದೊಡ್ಡ ತೆರಿಗೆ ಯಾವುದನ್ನೂ ಸಮವರ್ತಿ ಪಟ್ಟಿಗೆ ಹಾಕಲಿಲ್ಲ. ಇದು ನಿನ್ನದು, ಅದು ನನ್ನದು ಅಂತ ಬೇರೆ ಬೇರೆ ಗೆರೆ ಎಳೆದರು. ಆದಾಯ ತೆರಿಗೆ, ಕಂಪನಿಗಳ ಲಾಭದ ಮೇಲಿನ ತೆರಿಗೆ, ಆಮದು ಸುಂಕ ಕೇಂದ್ರಕ್ಕೆ. ಭೂ ಕಂದಾಯ, ಮುದ್ರಾಂಕ ಶುಲ್ಕ, ವಾಹನ ತೆರಿಗೆ, ಮದ್ಯದ ಮೇಲಿನ ಅಬಕಾರಿ, ವಿದ್ಯುತ್ ತೆರಿಗೆ, ಮಾರಾಟ ತೆರಿಗೆ ರಾಜ್ಯಕ್ಕೆ. ಕೃಷಿ ಆದಾಯದ ಮೇಲಿನ ತೆರಿಗೆಯೂ ರಾಜ್ಯದ್ದೇ. ರೈತರ ಆದಾಯಕ್ಕೆ ಕೇಂದ್ರ ಯಾಕೆ ತೆರಿಗೆ ಹಾಕಲ್ಲ ಅಂತ ಕೇಳುವವರಿದ್ದಾರೆ, ಹಾಕುವ ಅಧಿಕಾರವೇ ಅದಕ್ಕಿಲ್ಲ.

ಇಲ್ಲಿ ಒಂದು ಪದದ ಗೊಂದಲ ಬಿಡಿಸಿಬಿಡುತ್ತೇನೆ. ಪತ್ರಿಕೆಯಲ್ಲಿ "ಅಬಕಾರಿ ಸುಂಕ ಏರಿಕೆ" ಅಂತ ಬಂದರೆ ಎರಡು ಅರ್ಥ ಇರಬಹುದು. ಬಿಯರ್, ವಿಸ್ಕಿ ಮೇಲಿನದಾದರೆ ಅದು ರಾಜ್ಯದ ಅಬಕಾರಿ. ಪೆಟ್ರೋಲ್, ಡೀಸೆಲ್ ಮೇಲಿನದಾದರೆ ಕೇಂದ್ರದ ಅಬಕಾರಿ. ಹೆಸರು ಒಂದೇ, ಜೇಬು ಬೇರೆ ಬೇರೆ.

ಈ ಗೆರೆಗಳನ್ನು ಅಳಿಸಿ ಹಾಕಿದ್ದು ಜಿಎಸ್‌ಟಿ. 2016ರಲ್ಲಿ 101ನೇ ತಿದ್ದುಪಡಿ ಬಂತು, 2017ರ ಜುಲೈ 1ರಿಂದ ಜಾರಿಯಾಯಿತು. ಕೇಂದ್ರ ತನ್ನ ಸೇವಾ ತೆರಿಗೆ ಮತ್ತು ಅಬಕಾರಿ ಸುಂಕದ ದೊಡ್ಡ ಭಾಗ ಬಿಟ್ಟುಕೊಟ್ಟಿತು, ರಾಜ್ಯಗಳು ವ್ಯಾಟ್, ಪ್ರವೇಶ ತೆರಿಗೆ, ಐಷಾರಾಮಿ ತೆರಿಗೆ, ಮನರಂಜನಾ ತೆರಿಗೆಯಂಥವನ್ನು ಬಿಟ್ಟುಕೊಟ್ಟವು. ಎರಡನ್ನೂ ಸೇರಿಸಿ ಒಂದೇ ತೆರಿಗೆ ಮಾಡಿ, ಇಬ್ಬರೂ ಹಂಚಿಕೊಳ್ಳುವುದು ಅಂತಾಯಿತು. ಯಾವ ದರ ಅಂತ ತೀರ್ಮಾನಿಸೋದು ಜಿಎಸ್‌ಟಿ ಮಂಡಳಿ. ಅದರಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ಭಾಗದ ತೂಕ, ಎಲ್ಲ ರಾಜ್ಯಗಳಿಗೆ ಸೇರಿಸಿ ಮೂರನೇ ಎರಡು ಭಾಗ. ಒಂದು ತೀರ್ಮಾನ ಪಾಸಾಗಬೇಕಾದರೆ ನಾಲ್ಕನೇ ಮೂರು ಭಾಗ ಮತ ಬೇಕು. ಈ ಲೆಕ್ಕ ಒಂದು ಸಲ ಮನಸ್ಸಿನಲ್ಲಿ ಹಾಕಿ ನೋಡಿ. ದೇಶದ ಎಲ್ಲ ರಾಜ್ಯಗಳೂ ಒಟ್ಟಿಗೆ ಕೈ ಎತ್ತಿದರೂ ಮೂರನೇ ಎರಡು ಮಾತ್ರ ಆಗುತ್ತದೆ. ಕೇಂದ್ರ ಒಪ್ಪದೆ ಏನೂ ಆಗಲ್ಲ. ಕೇಂದ್ರವೊಂದೇ ನಿಂತರೂ ಸಾಲದು ನಿಜ, ಆದರೆ ಒಬ್ಬರೇ ತಡೆಯುವ ಶಕ್ತಿ ಇರೋದು ಕೇಂದ್ರಕ್ಕೆ ಮಾತ್ರ. ಮಂಡಳಿ ಹೇಳಿದ್ದನ್ನು ಒಪ್ಪಲೇಬೇಕು ಅಂತಿಲ್ಲ, ಅದು ಶಿಫಾರಸು ಅಷ್ಟೇ ಅಂತ 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಯಾವುದಾದರೂ ರಾಜ್ಯ ತನ್ನದೇ ಬೇರೆ ದರ ಅಂತ ಹೊರಟರೆ ಇಡೀ ವ್ಯವಸ್ಥೆಯೇ ಕುಸಿಯುತ್ತದೆ. ಹಾಗಾಗಿ ಯಾರೂ ಆ ದಾರಿ ಹಿಡಿದಿಲ್ಲ.

ದರ್ಶಿನಿಯಲ್ಲಿ ಕೊಡುವ ಬಿಲ್ ನೋಡಿ. ಇಡ್ಲಿ ವಡೆ ಕಾಫಿಗೆ ಶೇ 5ರ ತೆರಿಗೆ ಎರಡು ಸಾಲಾಗಿ ಇರುತ್ತದೆ. ಸಿಜಿಎಸ್‌ಟಿ 2.5, ಎಸ್‌ಜಿಎಸ್‌ಟಿ 2.5. ಒಂದು ಕೇಂದ್ರಕ್ಕೆ, ಒಂದು ರಾಜ್ಯಕ್ಕೆ. ಕೊಯಮತ್ತೂರಿನಲ್ಲಿ ತಯಾರಾದ ಗ್ರೈಂಡರ್ ಹುಬ್ಬಳ್ಳಿಯ ಅಂಗಡಿಗೆ ಬಂದರೆ ಐಜಿಎಸ್‌ಟಿ ಅಂತ ಒಂದೇ ಸಾಲು ಇರುತ್ತದೆ. ಅದರಲ್ಲಿ ರಾಜ್ಯದ ಪಾಲು ತಮಿಳುನಾಡಿಗೆ ಹೋಗೋದಿಲ್ಲ, ಗ್ರೈಂಡರ್ ಬಳಸುವ ಕರ್ನಾಟಕಕ್ಕೆ ಬರುತ್ತದೆ. ವಸ್ತು ತಯಾರಾದ ಕಡೆಗಲ್ಲ, ಬಳಕೆಯಾದ ಕಡೆಗೆ ತೆರಿಗೆ ಅನ್ನೋದು ಜಿಎಸ್‌ಟಿಯ ಮೂಲ ನಿಯಮ. ಫ್ಯಾಕ್ಟರಿ ಜಾಸ್ತಿ ಇರುವ ರಾಜ್ಯಗಳು ಶುರುವಿನಲ್ಲಿ ಹೆದರಿದ್ದು ಇದಕ್ಕೇ. ಆ ಹೆದರಿಕೆ ಹೋಗಲಿ ಅಂತ ಐದು ವರ್ಷ, ವರ್ಷಕ್ಕೆ ಶೇ 14ರ ಬೆಳವಣಿಗೆ ಖಾತ್ರಿ, ಕಮ್ಮಿಯಾದರೆ ನಾವು ತುಂಬಿಕೊಡುತ್ತೇವೆ ಅಂತ ಕೇಂದ್ರ ಒಪ್ಪಿಕೊಂಡಿತ್ತು. ಆ ಪರಿಹಾರದ ಅವಧಿ 2022ರ ಜೂನ್‌ಗೆ ಮುಗಿಯಿತು. 2025ರ ಸೆಪ್ಟೆಂಬರ್ 22ರಿಂದ ಶೇ 12 ಮತ್ತು ಶೇ 28ರ ದರ ತೆಗೆದು ಹೆಚ್ಚಿನ ವಸ್ತುಗಳನ್ನು 5 ಮತ್ತು 18ಕ್ಕೆ ತಂದಾಗ ಗ್ರಾಹಕರಿಗೆ ಖುಷಿಯಾಯಿತು. ರಾಜ್ಯಗಳ ಹಣಕಾಸು ಇಲಾಖೆಗಳು ಮಾತ್ರ ತಲೆ ಮೇಲೆ ಕೈ ಹೊತ್ತು ಕೂತವು. ದರ ಇಳಿದರೆ ಅವರ ಪಾಲೂ ಇಳಿಯುತ್ತದೆ, ಈ ಸಲ ತುಂಬಿಕೊಡುವವರು ಯಾರೂ ಇಲ್ಲ.

ಪೆಟ್ರೋಲ್ ಮತ್ತು ಮದ್ಯವನ್ನು ಜಿಎಸ್‌ಟಿಯಿಂದ ಹೊರಗೆ ಇಟ್ಟದ್ದು ಯಾಕೆ ಅಂತ ಈಗ ಗೊತ್ತಾಗುತ್ತದೆ. ರಾಜ್ಯ ತಾನೇ ದರ ತೀರ್ಮಾನಿಸಬಲ್ಲ ದೊಡ್ಡ ತೆರಿಗೆ ಅಂತ ಉಳಿದಿರೋದು ಇವೆರಡು, ಮುದ್ರಾಂಕ ಮತ್ತು ವಾಹನ ತೆರಿಗೆ ಅಷ್ಟೇ. ಹೊಸ ಖರ್ಚು ಬಂದಾಗೆಲ್ಲ ರಾಜ್ಯ ಸರ್ಕಾರ ಬಾಟಲಿ, ಬಂಕು, ನೋಂದಣಿ ಕಚೇರಿಯ ಕಡೆಗೇ ನೋಡುತ್ತದೆ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಇಷ್ಟೇ, ಬೇರೆ ಬಾಗಿಲುಗಳಿಗೆ ಬೀಗ ಬಿದ್ದಿದೆ.

ದುಡ್ಡು ವಾಪಸ್ ಬರುವ ದಾರಿಗೆ ಬಂದೆವು. ಐದು ವರ್ಷಕ್ಕೊಮ್ಮೆ ರಾಷ್ಟ್ರಪತಿಗಳು ಹಣಕಾಸು ಆಯೋಗ ಅಂತ ಒಂದನ್ನು ನೇಮಿಸುತ್ತಾರೆ, 280ನೇ ವಿಧಿಯ ಪ್ರಕಾರ. ಅದು ಎರಡು ಪ್ರಶ್ನೆಗೆ ಉತ್ತರ ಹೇಳಬೇಕು. ಕೇಂದ್ರದ ತೆರಿಗೆಯಲ್ಲಿ ಎಲ್ಲ ರಾಜ್ಯಗಳಿಗೆ ಸೇರಿ ಎಷ್ಟು? ಆ ಮೊತ್ತದಲ್ಲಿ ಯಾವ ರಾಜ್ಯಕ್ಕೆ ಎಷ್ಟು? ಮೊದಲ ಪ್ರಶ್ನೆಗೆ 14ನೇ ಆಯೋಗ ಶೇ 42 ಅಂದಿತು. 15ನೆಯದು ಶೇ 41 ಅಂದಿತು, ಜಮ್ಮು ಕಾಶ್ಮೀರ ರಾಜ್ಯವಾಗಿ ಉಳಿಯದೆ ಇದ್ದದ್ದರಿಂದ ಒಂದು ಕಳೆಯಿತು. ಎರಡನೆಯ ಪ್ರಶ್ನೆಯಲ್ಲಿ ಕರ್ನಾಟಕಕ್ಕೆ ಪೆಟ್ಟು ಬಿತ್ತು. 14ನೇ ಆಯೋಗದಲ್ಲಿ ನಮ್ಮ ಪಾಲು ಶೇ 4.713 ಇತ್ತು. 15ನೆಯದರಲ್ಲಿ ಶೇ 3.647ಕ್ಕೆ ಇಳಿಯಿತು. ಕೇಳೋಕೆ ಒಂದು ಚಿಲ್ಲರೆ ಅಂಕಿ ಅನ್ನಿಸಬಹುದು. ರಾಜ್ಯಗಳಿಗೆ ಹಂಚುವ ಪ್ರತಿ ಒಂದು ಲಕ್ಷ ಕೋಟಿಯಲ್ಲಿ ನಮಗೆ 1,066 ಕೋಟಿ ಕಡಿಮೆಯಾಯಿತು ಅಂತ ಅದರ ಅರ್ಥ.

ಯಾಕೆ ಇಳಿಯಿತು? 15ನೇ ಆಯೋಗದ ಸೂತ್ರದಲ್ಲಿ 100ಕ್ಕೆ 45 ತೂಕ ಇದ್ದದ್ದು ತಲಾ ಆದಾಯದ ಅಂತರಕ್ಕೆ. ಸುಲಭವಾಗಿ ಹೇಳಬೇಕೆಂದರೆ, ಬಡ ರಾಜ್ಯಕ್ಕೆ ಜಾಸ್ತಿ, ಅನುಕೂಲಸ್ಥ ರಾಜ್ಯಕ್ಕೆ ಕಡಿಮೆ. ಜನಸಂಖ್ಯೆಗೆ 15, ವಿಸ್ತೀರ್ಣಕ್ಕೆ 15, ಕಾಡು ಪರಿಸರಕ್ಕೆ 10, ಜನಸಂಖ್ಯೆ ಹತೋಟಿಗೆ ತಂದಿದ್ದಕ್ಕೆ 12.5, ತೆರಿಗೆ ಸರಿಯಾಗಿ ವಸೂಲಿ ಮಾಡಿದ್ದಕ್ಕೆ 2.5. ಹಿಂದಿನ ಆಯೋಗ 1971ರ ಜನಗಣತಿಗೂ ತೂಕ ಕೊಟ್ಟಿತ್ತು, ಈ ಸಲ ಪೂರ್ತಿ 2011ರದ್ದೇ. ಕುಟುಂಬ ಯೋಜನೆ ಚೆನ್ನಾಗಿ ಮಾಡಿದ ದಕ್ಷಿಣದ ರಾಜ್ಯಗಳಿಗೆ ಇದರಿಂದ ನಷ್ಟ. ಬೆಂಗಳೂರಿನ ದೆಸೆಯಿಂದ ನಮ್ಮ ತಲಾ ಆದಾಯ ಭಾರೀ ಏರಿತ್ತು, ಅದೂ ಸೂತ್ರದಲ್ಲಿ ನಮಗೆ ಮುಳುವಾಯಿತು. ಯಾದಗಿರಿಯ ತಾಯಿಯೊಬ್ಬರ ಆದಾಯವನ್ನೂ ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಉದ್ಯೋಗಿಯ ಆದಾಯವನ್ನೂ ಕೂಡಿಸಿ ಭಾಗಿಸಿದರೆ ಸಿಗುವ ಅಂಕಿ ಇಬ್ಬರದ್ದೂ ಅಲ್ಲ.

ಹಾಗಂತ ಈ ಸೂತ್ರದ ಹಿಂದಿನ ಯೋಚನೆಯೇ ತಪ್ಪು ಅಂತ ನಾನು ಹೇಳಲ್ಲ. ನಮ್ಮ ರಾಜ್ಯದ ಒಳಗೂ ಇದೇ ನಡೆಯುತ್ತದೆ, ಬೆಂಗಳೂರಿನಲ್ಲಿ ಕಟ್ಟಿದ ತೆರಿಗೆ ಕಲಬುರಗಿಯ ಶಾಲೆಗೆ, ರಾಯಚೂರಿನ ಆಸ್ಪತ್ರೆಗೆ ಹೋಗುತ್ತದೆ, ಹೋಗಲೇಬೇಕು. ಪ್ರಶ್ನೆ ಇರೋದು ಎಷ್ಟು ಅನ್ನೋದರಲ್ಲಿ. 15ನೇ ಆಯೋಗದ ಅಂಕಿಗಳನ್ನೇ ಇಟ್ಟುಕೊಂಡು ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ನೀವು 100 ರೂಪಾಯಿ ಆದಾಯ ತೆರಿಗೆ ಕಟ್ಟಿದಿರಿ ಅಂದುಕೊಳ್ಳಿ. ಅದರಲ್ಲಿ 41 ರೂಪಾಯಿ ರಾಜ್ಯಗಳ ಹುಂಡಿಗೆ. ಅದರ ಶೇ 3.647 ಅಂದರೆ ಹೆಚ್ಚುಕಡಿಮೆ ಒಂದೂವರೆ ರೂಪಾಯಿ ಕರ್ನಾಟಕಕ್ಕೆ. ಶೇ 17.939 ಪಾಲಿರುವ ಉತ್ತರ ಪ್ರದೇಶಕ್ಕೆ 7 ರೂಪಾಯಿ 35 ಪೈಸೆ. ಬಿಹಾರಕ್ಕೆ 4 ರೂಪಾಯಿ 12 ಪೈಸೆ. ಜಿಎಸ್‌ಟಿ ಆದರೆ ಸ್ವಲ್ಪ ಸಮಾಧಾನ. 100ರಲ್ಲಿ 50 ನೇರವಾಗಿ ರಾಜ್ಯಕ್ಕೇ ಉಳಿಯುತ್ತದೆ, ಕೇಂದ್ರದ 50ರಿಂದ ಇನ್ನೊಂದು 75 ಪೈಸೆ ಸೇರುತ್ತದೆ.

ಈ ಲೆಕ್ಕ ಹಿಡಿದುಕೊಂಡು "ನಾವು 100 ಕೊಟ್ಟೆವು, ಇಷ್ಟೇ ಬಂತು" ಅಂತ ಹೇಳುವಾಗ ಒಂದು ಎಚ್ಚರ ಬೇಕು. ಬೆಂಗಳೂರಿನಲ್ಲಿ ಕಟ್ಟಿದ ಕಂಪನಿ ತೆರಿಗೆಯೆಲ್ಲ ಕರ್ನಾಟಕದಲ್ಲೇ ಗಳಿಸಿದ್ದಲ್ಲ. ಮುಖ್ಯ ಕಚೇರಿ ಇಲ್ಲಿದ್ದರೆ ಇಡೀ ದೇಶದ ವ್ಯಾಪಾರದ ತೆರಿಗೆ ಇಲ್ಲೇ ಲೆಕ್ಕಕ್ಕೆ ಬರುತ್ತದೆ. ಸೈನ್ಯ, ರೈಲು, ಗಡಿ ಇವಕ್ಕೆಲ್ಲ ಕೇಂದ್ರಕ್ಕೂ ದುಡ್ಡು ಬೇಕು. ಇಷ್ಟನ್ನೂ ಒಪ್ಪಿದ ಮೇಲೂ 4.713ರಿಂದ 3.647ಕ್ಕೆ ಒಮ್ಮೆಲೇ ಇಳಿಸಿದ್ದು ಜಾಸ್ತಿಯಾಯಿತು ಅಂತಲೇ ನನ್ನ ಅಭಿಪ್ರಾಯ. ಆಯೋಗಕ್ಕೂ ಹಾಗೇ ಅನ್ನಿಸಿರಬೇಕು. 2020-21ಕ್ಕೆ ಕರ್ನಾಟಕಕ್ಕೆ 5,495 ಕೋಟಿ ವಿಶೇಷ ಅನುದಾನ ಕೊಡಿ ಅಂತ ಅದೇ ಶಿಫಾರಸು ಮಾಡಿತ್ತು. ಕೇಂದ್ರ ಅದನ್ನು ಒಪ್ಪಲಿಲ್ಲ. 2024ರ ಫೆಬ್ರವರಿ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ, ಸಚಿವರು, ಶಾಸಕರು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಾಗ ಕೇಳಿದ್ದೂ ಇದೇ ಬಾಕಿಯನ್ನು. 15ನೇ ಆಯೋಗದ ಅವಧಿ 2026ರ ಮಾರ್ಚ್‌ವರೆಗೆ. ಆಮೇಲಿನ ಐದು ವರ್ಷ ಅರವಿಂದ ಪನಗಾರಿಯಾ ಅಧ್ಯಕ್ಷತೆಯ 16ನೇ ಆಯೋಗದ್ದು. ದೇಶದ ಸಂಪತ್ತಿಗೆ ರಾಜ್ಯ ಎಷ್ಟು ಸೇರಿಸುತ್ತದೆ ಅನ್ನೋದಕ್ಕೂ ತೂಕ ಕೊಡಿ ಅಂತ ಅದರ ಮುಂದೆ ಕರ್ನಾಟಕ ವಾದ ಮಾಡಿತ್ತು.

ನನಗೆ ಈ ಶೇಕಡಾವಾರು ಜಗಳಕ್ಕಿಂತ ಜಾಸ್ತಿ ಬೇಸರ ತರಿಸೋದು ಇನ್ನೊಂದು ವಿಷಯ, ಅದು ಸೆಸ್ ಮತ್ತು ಸರ್‌ಚಾರ್ಜ್, ಅಂದರೆ ಮಾಮೂಲಿ ತೆರಿಗೆಯ ಮೇಲೆ ಹಾಕುವ ಹೆಚ್ಚುವರಿ ತೆರಿಗೆ. ಕೇಂದ್ರದ ತೆರಿಗೆಯಲ್ಲಿ ಶೇ 41 ರಾಜ್ಯಗಳಿಗೆ ಅಂದೆನಲ್ಲ, ಅದು ಕೇಂದ್ರ ವಸೂಲಿ ಮಾಡುವ ಎಲ್ಲ ದುಡ್ಡಿನಲ್ಲಿ ಅಲ್ಲ. ಸೆಸ್, ಸರ್‌ಚಾರ್ಜ್ ಅಂತ ಹೆಸರಿಟ್ಟು ವಸೂಲಿ ಮಾಡಿದ್ದನ್ನು ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾಗಿಲ್ಲ ಅಂತ ಸಂವಿಧಾನವೇ ಬಿಟ್ಟಿದೆ. ನಿಮ್ಮ ಆದಾಯ ತೆರಿಗೆಯ ಮೇಲೆ ಶೇ 4 ಆರೋಗ್ಯ ಮತ್ತು ಶಿಕ್ಷಣ ಸೆಸ್ ಇದೆಯಲ್ಲ, ಅದು ಪೂರ್ತಿ ಕೇಂದ್ರದ್ದು. ಆರೋಗ್ಯ ರಾಜ್ಯದ ಪಟ್ಟಿಯ ವಿಷಯ, ಶಾಲೆಗಳಲ್ಲಿ ಬಹುಪಾಲನ್ನು ನಡೆಸೋದು ರಾಜ್ಯ, ಅವುಗಳ ಹೆಸರಿನ ಸೆಸ್‌ನಲ್ಲಿ ಮಾತ್ರ ರಾಜ್ಯಕ್ಕೆ ಹಕ್ಕಿನ ಪಾಲು ಇಲ್ಲ.

ಪೆಟ್ರೋಲ್‌ನಲ್ಲಿ ಇದು ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತದೆ. 2025ರ ಏಪ್ರಿಲ್‌ನಲ್ಲಿ ಸುಂಕ ಏರಿಸಿದ ಮೇಲೆ ಒಂದು ಲೀಟರ್ ಪೆಟ್ರೋಲ್ ಮೇಲೆ ಕೇಂದ್ರದ ಒಟ್ಟು ಸುಂಕ 21 ರೂಪಾಯಿ 90 ಪೈಸೆ ಆಯಿತು. ಅದನ್ನು ಬಿಡಿಸಿ ನೋಡಿದರೆ, ವಿಶೇಷ ಹೆಚ್ಚುವರಿ ಸುಂಕ 13 ರೂಪಾಯಿ, ರಸ್ತೆ ಮತ್ತು ಮೂಲಸೌಕರ್ಯ ಸೆಸ್ 5 ರೂಪಾಯಿ, ಕೃಷಿ ಮೂಲಸೌಕರ್ಯ ಸೆಸ್ ಎರಡೂವರೆ ರೂಪಾಯಿ, ಮೂಲ ಅಬಕಾರಿ ಸುಂಕ 1 ರೂಪಾಯಿ 40 ಪೈಸೆ. ರಾಜ್ಯಗಳ ಜೊತೆ ಹಂಚಿಕೆಯಾಗೋದು ಆ ಕೊನೆಯ 1 ರೂಪಾಯಿ 40 ಪೈಸೆ ಮಾತ್ರ. ಅದರ ಶೇ 41 ಅಂದರೆ 57 ಪೈಸೆ ದೇಶದ ಎಲ್ಲ ರಾಜ್ಯಗಳಿಗೆ. ಕರ್ನಾಟಕದ ಪಾಲಿಗೆ ಎರಡು ಪೈಸೆ. ಉಳಿದ ಇಪ್ಪತ್ತು ರೂಪಾಯಿ ಚಿಲ್ಲರೆ ಹೆದ್ದಾರಿಗೋ ಕೃಷಿ ಯೋಜನೆಗೋ ಖರ್ಚಾಗಬಹುದು, ಅದರಲ್ಲಿ ಕೆಲವು ನಮ್ಮ ರಾಜ್ಯದಲ್ಲೂ ಆಗಬಹುದು. ಆದರೆ ಎಲ್ಲಿ, ಯಾವಾಗ, ಯಾವುದಕ್ಕೆ ಅಂತ ನಿರ್ಧರಿಸೋದು ದೆಹಲಿ. ಇನ್ನೊಂದು ಕಡೆ, ಅದೇ ಲೀಟರ್ ಮೇಲೆ 2024ರ ಜೂನ್‌ನಿಂದ ಶೇ 29.84ರ ಮಾರಾಟ ತೆರಿಗೆಯನ್ನು ಕರ್ನಾಟಕ ಹಾಕುತ್ತಿದೆ, ಅದು ಪೂರ್ತಿ ರಾಜ್ಯಕ್ಕೇ ಹೋಗುತ್ತದೆ. ಬಂಕ್‌ನಲ್ಲಿ ನಿಂತವನಿಗೆ ಇಬ್ಬರೂ ಒಂದೇ.

ದುಡ್ಡು ವಾಪಸ್ ಬರುವ ಇನ್ನೊಂದು ದಾರಿ ಯೋಜನೆಗಳದ್ದು. ಕೇಂದ್ರ ಪುರಸ್ಕೃತ ಯೋಜನೆ ಅಂತ ಕರೆಯುತ್ತಾರೆ. ಸಾಮಾನ್ಯವಾಗಿ ಕೇಂದ್ರದ್ದು 60, ರಾಜ್ಯದ್ದು 40. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ 90:10. ಮನೆ ಮನೆಗೆ ನಲ್ಲಿ ಹಾಕುವ ಜಲ ಜೀವನ್ ಮಿಷನ್‌ನಲ್ಲಿ ನಮ್ಮಂಥ ರಾಜ್ಯಗಳು ಅರ್ಧಕ್ಕರ್ಧ ಹಾಕಬೇಕು. ಹೆಸರು, ನಿಯಮ, ಬೋರ್ಡಿನ ಬಣ್ಣ ಕೇಂದ್ರದ್ದು. ಪೈಪ್ ಹಾಕಿಸೋದು, ಆಮೇಲೆ ಮೋಟರ್ ಸುಟ್ಟರೆ ಸರಿ ಮಾಡಿಸೋದು ಪಂಚಾಯಿತಿಯದು. ಹಣಕಾಸು ಆಯೋಗದಿಂದ ಬರುವ ಪಾಲನ್ನು ರಾಜ್ಯ ತನಗೆ ಬೇಕಾದ ಹಾಗೆ ಖರ್ಚು ಮಾಡಬಹುದು. ಯೋಜನೆಯ ದುಡ್ಡು ಹಾಗಲ್ಲ, ಅದಕ್ಕೆ ದಾರ ಕಟ್ಟಿರುತ್ತಾರೆ, ಮೊದಲು ನಿನ್ನ 40 ತೆಗೆದಿಡು ಅನ್ನುತ್ತಾರೆ. ಉದ್ಯೋಗ ಖಾತ್ರಿಯಲ್ಲಿ ಕೂಲಿಯ ದುಡ್ಡು ಪೂರ್ತಿ ಕೇಂದ್ರವೇ ಕೊಡುತ್ತಿತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅದರ ಜಾಗಕ್ಕೆ ಹೊಸ ಕಾನೂನು ತಂದಾಗ 100 ದಿನ 125 ದಿನವಾಯಿತು, ಖರ್ಚು ಮಾತ್ರ 60:40 ಆಯಿತು. ದಿನ ಎಷ್ಟು ಅಂತ ತೀರ್ಮಾನಿಸಿದವರು ಒಬ್ಬರು, ಹೊಸದಾಗಿ ಶೇ 40 ಹೊಂದಿಸಬೇಕಾದವರು ಇನ್ನೊಬ್ಬರು.

ಬರ, ನೆರೆ ಬಂದಾಗಲೂ ಹೀಗೆಯೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಕರ್ನಾಟಕ 18,171 ಕೋಟಿ ಕೇಳಿತು. ತಿಂಗಳುಗಟ್ಟಲೆ ಕಾದು, 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಏಪ್ರಿಲ್ ಕೊನೆಗೆ ಸುಮಾರು 3,454 ಕೋಟಿ ಬಂತು. ಅಷ್ಟರಲ್ಲಿ ಇನ್ನೊಂದು ಮುಂಗಾರು ಹತ್ತಿರ ಬಂದಿತ್ತು. ಹಾಗಾದರೆ ಸಾಲ ಮಾಡಿದರಾಯಿತು ಅಂದರೆ ಅದಕ್ಕೂ ತಡೆ ಇದೆ. ಕೇಂದ್ರದ ಸಾಲ ಬಾಕಿ ಇರುವ ರಾಜ್ಯ ಹೊಸ ಸಾಲಕ್ಕೆ ಕೇಂದ್ರದ ಒಪ್ಪಿಗೆ ಪಡೆಯಬೇಕು ಅಂತ 293ನೇ ವಿಧಿ ಹೇಳುತ್ತದೆ. ಇದನ್ನೇ ಪ್ರಶ್ನೆ ಮಾಡಿ ಕೇರಳ ಸುಪ್ರೀಂ ಕೋರ್ಟಿಗೆ ಹೋಯಿತು. 2024ರಲ್ಲಿ ಆ ವಿಷಯ ಸಂವಿಧಾನ ಪೀಠಕ್ಕೆ ಹೋಯಿತು.

ಈ ಎಲ್ಲ ದಾರಿಗಳೂ ಒಂದೇ ಕಡೆ ಕಾಣಬೇಕು ಅಂದರೆ ಕರ್ನಾಟಕದ ಬಜೆಟ್ ಪುಸ್ತಕ ತೆಗೆಯಿರಿ. 2025-26ರ ಅಂದಾಜಿನಲ್ಲಿ ರಾಜಸ್ವ ಸ್ವೀಕೃತಿ, ಅಂದರೆ ಸಾಲ ಬಿಟ್ಟು ವರ್ಷದ ಆದಾಯ, 2,92,477 ಕೋಟಿ. ಅದರಲ್ಲಿ ರಾಜ್ಯದ ಸ್ವಂತ ತೆರಿಗೆ 2,08,100 ಕೋಟಿ, ತೆರಿಗೆಯೇತರ ಆದಾಯ 16,500 ಕೋಟಿ, ಕೇಂದ್ರದ ತೆರಿಗೆ ಪಾಲು 51,877 ಕೋಟಿ, ಕೇಂದ್ರದ ಅನುದಾನ 16,000 ಕೋಟಿ. ಅಂದರೆ ನೂರರಲ್ಲಿ 71 ರೂಪಾಯಿ ನಮ್ಮದೇ ತೆರಿಗೆ. ಮದ್ಯ ಒಂದರಿಂದಲೇ 40,000 ಕೋಟಿಯ ಗುರಿ. ಬಿಹಾರದ ಬಜೆಟ್ ತೆಗೆದರೆ ಚಿತ್ರ ಉಲ್ಟಾ, ದೊಡ್ಡ ಪಾಲು ಕೇಂದ್ರದಿಂದಲೇ ಬರುತ್ತದೆ. ಆಯೋಗ ಒಂದು ಅಂಶ ಆಚೀಚೆ ಮಾಡಿದರೆ ನಮಗೆ ಪೆಟ್ಟು ಬೀಳುತ್ತದೆ, ಅವರಿಗೆ ಉಸಿರೇ ಕಟ್ಟುತ್ತದೆ. ಉತ್ತರ ದಕ್ಷಿಣ ಅಂತ ಜಗಳವಾಡುವಾಗ ಇದನ್ನೂ ನೋಡಬೇಕು.

ಇನ್ನೊಂದು ಮೆಟ್ಟಿಲು ಉಳಿದಿದೆ. ಮನೆ ಕಂದಾಯ ಸಂವಿಧಾನದ ಲೆಕ್ಕದಲ್ಲಿ ರಾಜ್ಯದ ತೆರಿಗೆ, ಅದನ್ನು ವಸೂಲಿ ಮಾಡಿಕೊಳ್ಳಿ ಅಂತ ಪಂಚಾಯಿತಿಗೂ ನಗರಸಭೆಗೂ ರಾಜ್ಯ ಬಿಟ್ಟುಕೊಟ್ಟಿದೆ. ಕೇಂದ್ರಕ್ಕೆ ಹಣಕಾಸು ಆಯೋಗ ಇರುವ ಹಾಗೆ, ಸ್ಥಳೀಯ ಸಂಸ್ಥೆಗಳಿಗೆ ಪಾಲು ಹೇಳಲು ರಾಜ್ಯ ಹಣಕಾಸು ಆಯೋಗ ಇರಬೇಕು ಅಂತ 1992ರ 73 ಮತ್ತು 74ನೇ ತಿದ್ದುಪಡಿಗಳು ಹೇಳಿದವು. ದೇಶಕ್ಕೇ ಪಂಚಾಯತ್ ರಾಜ್ ಕಲಿಸಿದ ರಾಜ್ಯ ನಮ್ಮದು. ಆಗಿನ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ 1983ರಲ್ಲೇ ಇಲ್ಲಿ ಜಿಲ್ಲಾ ಪರಿಷತ್ತಿನ ಕಾಯ್ದೆ ಬಂದಿತ್ತು. ಅದೇ ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಚುನಾಯಿತ ಸದಸ್ಯರಿಲ್ಲದ ಸಂಸ್ಥೆಗೆ ಅನುದಾನ ಇಲ್ಲ ಅನ್ನೋದು 15ನೇ ಹಣಕಾಸು ಆಯೋಗದ ಷರತ್ತು. ಹಾಗಾಗಿ ದೆಹಲಿಯಿಂದ ಬರಬೇಕಾಗಿದ್ದ ಆ ದುಡ್ಡು ನಿಂತದ್ದು ದೆಹಲಿಯ ಕಾರಣಕ್ಕಲ್ಲ, ನಾವೇ ಚುನಾವಣೆ ಮಾಡದೆ ಇದ್ದದ್ದಕ್ಕೆ.